ಬೇಸಿಗೆಯಲ್ಲಿ ಹಿಂದೆ ಸರಿಯುವ ಸಮುದ್ರ

ಇದರ ಪರಿಣಾಮವನ್ನು ಅನುಭವಿಸಿದವಳು ನನ್ನ ಅಕ್ಕ. ಕಂಪ್ಯೂಟರ್ ಆಟದ ಕಂಪನಿಯೊಂದಕ್ಕೆ ಸಲಹೆಯನ್ನು ಬರೆದವರು ನಾವು ನಾಲ್ವರು, ಅದನ್ನು ತಳ್ಳಿಹಾಕಿದವರು ನಾವೆಂದೂ ಕಾಣದ ದೂರದ ಯಾರೋ, ನಕ್ಕವರು ಲೆಕ್ಕವಿಲ್ಲದಷ್ಟು ಜನ. ಆದರೆ ಸಲಹೆಯ ಮೇಲಿದ್ದದ್ದು ಅಕ್ಕನ ಹೆಸರು. ಆ ನಗೆಯೆಲ್ಲ ಬಂದು ಬಿದ್ದದ್ದು ಭಾಲ್ಕಿಯ ಒಂದು ಕೋಣೆಯಲ್ಲಿ, ಕಿಟಕಿಯ ಬಳಿಯ ಹಳೆಯ ಕಂಪ್ಯೂಟರಿನ ಮುಂದೆ, ಬೆರಳುಗಳನ್ನು ಪೂರ್ತಿ ಮಡಚಲಾರದೆ ಕುಳಿತಿದ್ದ ಆ ಹೆಣ್ಣುಮಗಳ ಮೇಲೆ.

ಅಕ್ಕ ಭಾಲ್ಕಿಯಲ್ಲಿ ನರ್ಸ್ ಆಗಿದ್ದವಳು. ಸಂಧಿವಾತ ಮೊದಲು ಅವಳ ಮಣಿಕಟ್ಟನ್ನು ಹಿಡಿಯಿತು, ಆಮೇಲೆ ಬೆರಳುಗಳನ್ನು, ಆಮೇಲೆ ಮೊಣಕಾಲನ್ನು. ರೋಗಿಯ ತೋಳಿಗೆ ಸೂಜಿ ಚುಚ್ಚುವಾಗ ತನ್ನ ಬೆರಳು ಮಾತು ಕೇಳದ ದಿನ ಅವಳಾಗಿಯೇ ಕೆಲಸ ಬಿಟ್ಟಳು. ಐವತ್ತು ತುಂಬದ ಹೆಂಗಸಿನ ನೋವಿಗೆ ‘ವಯಸ್ಸಾಯಿತಲ್ಲ’ ಎಂದು ಹೆಸರಿಟ್ಟು ಸುಮ್ಮನಾದ ನೆಂಟರೂ ಇದ್ದರು. ನೋವನ್ನು ಚಿಕ್ಕದು ಮಾಡುವುದು ನೋವು ಕೊಡುವುದರಿಂದ ಬಹಳ ದೂರದ ಅಪರಾಧವಲ್ಲ ಎಂದು ನಾನು ಅವರಿಗೆ ಮುಖಾಮುಖಿ ಹೇಳಿದ್ದೆ. ಅಕ್ಕ ಮಾತ್ರ ನಕ್ಕಿದ್ದಳು. “ನೀ ಎಲ್ಲಾದಕ್ಕೂ ಧರಣಿ ಕೂಡ್ತಿ. ನನ್ನ ಮೊಣಕಾಲಿಗಿ ಧರಣಿ ತಿಳಿಯಂಗಿಲ್ಲ ನೋಡು.”

ಧರಣಿಯ ಮಾತು ಅವಳು ಸುಮ್ಮನೆ ಆಡಿದ್ದಲ್ಲ. ನಾನು ಬೀದರಿನಲ್ಲಿ, ಅಷ್ಟೂರ ಕಡೆಯ ರಸ್ತೆಯಲ್ಲಿ ಮನೆ ಮಾಡಿಕೊಂಡು, ಹೆಣ್ಣುಮಕ್ಕಳ ಶಾಲೆಗೆ ಬಸ್ಸು, ಗ್ರಂಥಾಲಯಕ್ಕೆ ಗಾಲಿಕುರ್ಚಿ ಏರುವ ಇಳಿಜಾರು, ಇಂಥವುಗಳಿಗಾಗಿ ಮನವಿ ಬರೆಯುತ್ತ ಬಂದವಳು. ಮನವಿ ಬರೆಯುವ ಕ್ರಮವನ್ನು ನಾನು ಕಲಿತದ್ದು ಬಾಲ್ಯದ ಶಾಲೆಯಲ್ಲಿ. ಅಲ್ಲಿ ಮಕ್ಕಳ ಸಭೆಯೇ ನಿಯಮಗಳನ್ನು ಮಾಡುತ್ತಿತ್ತು. ಪ್ರತಿ ವಾಕ್ಯವನ್ನೂ ಗಟ್ಟಿಯಾಗಿ ಓದಬೇಕು, ಕುಳಿತವರೆಲ್ಲ ಕೈ ಎತ್ತಬೇಕು, ಒಬ್ಬರು ಎತ್ತದಿದ್ದರೂ ಆ ವಾಕ್ಯ ನಿಲ್ಲದು. ನಾನು ಇಂದಿಗೂ ಹಾಗೆಯೇ ಬರೆಯುತ್ತೇನೆ. ಈ ಕ್ರಮದಲ್ಲಿ ಅನ್ಯಾಯ ನುಸುಳುವುದು ಕಷ್ಟ ಎಂದು ನಂಬಿದ್ದೇನೆ. ಅಜ್ಞಾನ ನುಸುಳಬಹುದೆಂಬುದು ಹೊಳೆದಿರಲಿಲ್ಲ.

ಅಕ್ಕನ ಮನೆಯ ಓಣಿಯ ತಿರುವಿನಲ್ಲಿ ಟಿವಿ, ಕಂಪ್ಯೂಟರ್ ರಿಪೇರಿಯ ಅಂಗಡಿಯೊಂದಿದೆ. ಅದರ ಮಾಲೀಕರನ್ನು ಓಣಿಯವರೆಲ್ಲ ಭಾಯಿ ಎನ್ನುತ್ತಾರೆ. ಅವರ ತಾಯಿಯ ಕೊನೆಯ ಕಾಯಿಲೆಯಲ್ಲಿ ಅಕ್ಕ ಸೇವೆ ಮಾಡಿದ್ದಳು. ಅಕ್ಕ ಕೆಲಸ ಬಿಟ್ಟು ಕಿಟಕಿಯ ಬಳಿ ಕೂರತೊಡಗಿದ ಮೇಲೆ, ಸ್ಟೇಷನ್ನಿನ ಕಡೆಯಿಂದ ರೈಲಿನ ಹಾರನ್ ಕೇಳಿದಾಗಲೆಲ್ಲ ಅವಳು ತಲೆ ಎತ್ತುವುದನ್ನು ಭಾಯಿ ಗಮನಿಸಿದರು. ಒಂದು ದಿನ ಅಂಗಡಿಯಲ್ಲಿ ಬಿದ್ದಿದ್ದ ಕಂಪ್ಯೂಟರೊಂದನ್ನು ಹೊತ್ತುತಂದು ಅದರಲ್ಲಿ ರೈಲು ಓಡಿಸುವ ಆಟವನ್ನು ಹಾಕಿಕೊಟ್ಟರು. “ಸಿಸ್ಟರ್, ಗಾಡಿ ಹತ್ತಲಿಕ್ಕ ಆಗಲ್ಲಂದ್ರ ಆಗಲಿ ಬಿಡ್ರಿ. ಚಲಾಯಿಸ್ಲಿಕ್ಕ ಏನು ತಕಲೀಫ್?”

ಅದು ಆಟವೆಂಬ ಹೆಸರಿನ ಶ್ರಮ. ನಿಜವಾದ ಚಾಲಕನಂತೆ ಸಿಗ್ನಲ್ ನೋಡಬೇಕು, ಏರಿನಲ್ಲಿ ವೇಗ ಕೊಡಬೇಕು, ಇಳಿಜಾರಿನಲ್ಲಿ ಬ್ರೇಕ್ ಅಳೆದು ಹಾಕಬೇಕು. ಅಕ್ಕ ಯುರೋಪಿನ ಹಿಮದ ಬೆಟ್ಟಗಳಲ್ಲಿ, ಜಪಾನಿನ ನಗರಗಳಲ್ಲಿ ರೈಲು ಓಡಿಸಿದಳು. ಬೆರಳುಗಳು ದಿನವೂ ಆಡುತ್ತಿರಲಿ ಎಂದು ಡಾಕ್ಟರ್ ಹೇಳಿದ್ದರು. ಕಸರತ್ತಿಗೆಂದು ಕೊಟ್ಟ ರಬ್ಬರ್ ಚೆಂಡನ್ನು ಅವಳು ಮೂಲೆಗೆ ಎಸೆದಿದ್ದಳು, ರೈಲನ್ನು ಮಾತ್ರ ಬಿಡಲಿಲ್ಲ. ಅವಳ ಬೆರಳುಗಳು ಬಿಗಿದುಹೋಗದಂತೆ ಹಿಡಿದಿದ್ದದ್ದು ಆ ರೈಲು.

ಆದರೆ ಆ ಆಟದೊಳಗೆ ಒಂದು ನಿರ್ದಯೆ ಅಡಗಿತ್ತು. ಚಾಲಕ ನಿದ್ದೆ ಹೋಗಿಲ್ಲವೆಂದು ತಿಳಿಯಲು ಯಂತ್ರ ಆಗಾಗ ಬೀಪ್ ಎನ್ನುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಎಚ್ಚರಿಕೆಯ ಗುಂಡಿ ಒತ್ತಬೇಕು, ತಡವಾದರೆ ರೈಲು ತಾನಾಗಿ ನಿಂತುಬಿಡುತ್ತದೆ. ನೋವು ಹೆಚ್ಚಿದ ದಿನಗಳಲ್ಲಿ ಅಕ್ಕನ ಬೆರಳು ಗುಂಡಿಗೆ ತಲುಪುವಷ್ಟರಲ್ಲಿ ರೈಲು ನಿಂತಿರುತ್ತಿತ್ತು. ಪೂರ್ತಿ ಎಚ್ಚರವಿದ್ದವಳನ್ನು ಯಂತ್ರ ನಿದ್ದೆ ಹೋದವಳೆಂದು ಶಿಕ್ಷಿಸುತ್ತಿತ್ತು.

ಆಟದ ಕಂಪನಿಯ ವೆಬ್‌ಸೈಟಿನಲ್ಲಿ ಹೊಸ ಮಾರ್ಗಗಳ ಸಲಹೆಗೆ ಒಂದು ಭಾಗವಿದೆ. ಯಾರು ಬೇಕಾದರೂ ಮಾರ್ಗ ಸೂಚಿಸಬಹುದು, ಉಳಿದ ಆಟಗಾರರು ಮತ ಹಾಕುತ್ತಾರೆ, ಹೆಚ್ಚು ಮತ ಬಂದದ್ದನ್ನು ಕಂಪನಿ ಪರಿಶೀಲಿಸುತ್ತದೆ. ಅಕ್ಕ ಕೇಳಿದ್ದು ಕಾರವಾರದಿಂದ ಹೊನ್ನಾವರದವರೆಗಿನ ಕರಾವಳಿಯ ಮಾರ್ಗವನ್ನು. ನರ್ಸಿಂಗ್ ಓದುವಾಗ ಅವಳ ತರಗತಿ ಕಾರವಾರಕ್ಕೆ ಪ್ರವಾಸ ಹೋಗಿತ್ತು. ಹಾಸ್ಟೆಲಿನ ಗೆಳತಿಗೆ ಸೀತಾಳೆ ಸಿಡುಬಾಗಿ, ನೋಡಿಕೊಳ್ಳಲು ಇವಳೊಬ್ಬಳು ಉಳಿದಳು. ಆಮೇಲೆ ಡ್ಯೂಟಿ, ಮದುವೆ, ಮತ್ತೆ ಡ್ಯೂಟಿ. ಈಗ ರೈಲಿನ ಮೆಟ್ಟಿಲೇ ಅವಳಿಗೆ ಎತ್ತರ. ಸಮುದ್ರದ ದಂಡೆಗೆ ಅವಳು ತನ್ನ ಕೈಯಾರೆ ಹೋಗಬಹುದಾದ ದಾರಿ ಇದೊಂದೇ ಉಳಿದಿತ್ತು, ಅದೂ ಕೈ ಆಡುವವರೆಗೆ.

ಒಂದು ರವಿವಾರ ಚರ್ಚ್ ಮುಗಿದ ಮೇಲೆ ನಾವು ಅಕ್ಕನ ಮನೆಯಲ್ಲಿ ಸೇರಿದೆವು. ಅಕ್ಕ, ನಾನು, ಭಾಯಿ ಮತ್ತು ನಮ್ಮ ಭಾವ. ಭಾವ ಎಂದರೆ ಅಕ್ಕನ ಗಂಡ. ಔರಾದ ತಾಲೂಕಿನ ಎಕಂಬಾದಲ್ಲಿ ಹೊಲ ನೋಡಿಕೊಂಡು, ವಾರದ ಕೊನೆಗೆ ಭಾಲ್ಕಿಗೆ ಬರುವವರು. ಚುರುಮುರಿಯ ತಟ್ಟೆ ಎದುರಿಗಿಟ್ಟುಕೊಂಡು ಅವರೇ ಮೊದಲ ಆಕ್ಷೇಪ ಎತ್ತಿದರು.

“ನಮ್ಮ ಔರಾದಿಗಿ ಖರೇ ರೈಲು ಬಾ ಅಂತ ಕರದು ಕರದು ಗಂಟಲ ಹರದಾದ. ನೀವು ಸುಳ್ಳು ರೈಲಿಗೂ ಅರ್ಜಿ ಹಾಕ್ತೀರೇನು?”

“ಸುಳ್ಳು ರೈಲು ಜಲ್ದಿ ಬರ್ತದ್ರಿ,” ಎಂದಳು ಅಕ್ಕ. “ಅದಕ್ಕ ಯಾರ ಹೊಲಾನೂ ಬೇಕಾಗಂಗಿಲ್ಲ.”

“ಫಿಕರ್ ನಕ್ಕೋ ಸಾಹುಕಾರ್, ಚಿಂತಿ ಬ್ಯಾಡ,” ಎಂದರು ಭಾಯಿ. “ಮುಂದಿನ ಸಲ ಔರಾದ್ ಲೈನ್ ಕೇಳೋಣು. ನಿಮ್ಮನ್ನೇ ಸ್ಟೇಷನ್ ಮಾಸ್ಟರ್ ಮಾಡಸ್ತೇನಿ. ಪಹಲೇ ಸಿಸ್ಟರ್ ಸಮುದ್ರ ನೋಡಲಿ.”

ಸಲಹೆ ಇಂಗ್ಲಿಷಿನಲ್ಲೇ ಇರಬೇಕೆಂಬುದು ಕಂಪನಿಯ ನಿಯಮ. ಇದೂ ಒಂದು ತಪ್ಪು ಎಂದು ಇಲ್ಲಿ ದಾಖಲಿಸುತ್ತೇನೆ. ಜಗತ್ತಿನ ಹಳಿಗಳನ್ನೆಲ್ಲ ಮಾರುವವರು ಜಗತ್ತಿನ ಒಂದೇ ಭಾಷೆಯಲ್ಲಿ ಕೇಳಿಸಿಕೊಳ್ಳುವುದು ನ್ಯಾಯವಲ್ಲ. ನಾವು ಕನ್ನಡದಲ್ಲಿ ಚರ್ಚಿಸಿ, ನಾನು ಅನುವಾದಿಸುವುದೆಂದು ತೀರ್ಮಾನವಾಯಿತು. ನಿಲ್ದಾಣದ ಫಲಕಗಳಲ್ಲಿ ಕನ್ನಡ ಇರಬೇಕು ಎಂಬುದಕ್ಕೆ ನಾಲ್ಕು ಕೈ ಎದ್ದವು. ಹಳಿಯ ಪಕ್ಕ ಬರಿ ಮರಗಳಲ್ಲ, ದುಡಿಯುವ ಜನ ಕಾಣಬೇಕು ಎಂಬುದಕ್ಕೂ ಎದ್ದವು. ಎಚ್ಚರಿಕೆಯ ಗುಂಡಿ ಒತ್ತುವ ಅವಧಿಯನ್ನು ಓಡಿಸುವವರೇ ಹೆಚ್ಚಿಸಿಕೊಳ್ಳುವಂತಿರಬೇಕು ಎಂಬ ವಾಕ್ಯಕ್ಕೆ ಭಾವ ಎರಡೂ ಕೈ ಎತ್ತಿದರು. ಅಕ್ಕನ ಕೈ ತಲೆಯವರೆಗೆ ಏಳುವುದಿಲ್ಲ. ಅವಳು ಮೊಣಕೈ ಎತ್ತುತ್ತಿದ್ದಳು, ನಾವು ಅದನ್ನು ಒಪ್ಪಿಗೆ ಎಂದು ಬರೆದುಕೊಳ್ಳುತ್ತಿದ್ದೆವು.

ಆಮೇಲೆ ಋತುಗಳ ಪ್ರಶ್ನೆ ಬಂತು. ಪ್ರತಿ ಋತುವಿನಲ್ಲಿ ಹಳಿಯಿಂದ ಏನು ಕಾಣುತ್ತದೆ ಎಂದು ಬರೆಯಬೇಕಿತ್ತು. ಮಳೆಗಾಲ ಸುಲಭವಾಗಿ ಮುಗಿಯಿತು. ಚಳಿಗಾಲವೂ ಆಯಿತು. ಬೇಸಿಗೆಗೆ ಬಂದಾಗ ಭಾವ ಕೇಳಿದರು: “ಬೇಸಿಗ್ಯಾಗ ಸಮುದ್ರ ಎಲ್ಲೀತನಕ ಹಿಂದ ಸರೀತದ?”

ಯಾರೂ ನಗಲಿಲ್ಲ. ನಮಗದು ನಗುವ ಪ್ರಶ್ನೆಯಾಗಿರಲಿಲ್ಲ. ನಾವು ಅಕ್ಕ ತಂಗಿಯರು ಬಗದಲ್‌ನಲ್ಲಿ ಬೆಳೆದವರು, ಭಾವ ಎಕಂಬಾದವರು. ನಾವು ಕಂಡ ನೀರೆಲ್ಲ ಶ್ರಾವಣದಲ್ಲಿ ತುಂಬಿ, ಸಂಕ್ರಾಂತಿಯ ಹೊತ್ತಿಗೆ ಹಿಂದೆಗೆಯುವ ನೀರು. ಕೆರೆಯ ನೀರು ಸರಿದಂತೆಲ್ಲ ಅದರ ಬೆನ್ನು ಹತ್ತಿ ಬಿತ್ತುವುದು ಭಾವನ ಊರಿನ ಪದ್ಧತಿ. ಮೊದಲು ಬಿಟ್ಟುಕೊಟ್ಟ ನೆಲಕ್ಕೆ ಕಡಲೆ, ಅದರ ಕೆಳಗಿನದಕ್ಕೆ ಸೌತೆ, ಕೊನೆಗೆ ಕೆರೆಯ ಹೊಟ್ಟೆಯಲ್ಲಿ ಕಲ್ಲಂಗಡಿ. ಯಾರ ಪಟ್ಟಿ ಎಲ್ಲಿಂದ ಎಲ್ಲಿಗೆ ಎಂಬುದು ನೀರು ಇಳಿಯುವ ಮೊದಲೇ ಊರಿಗೆ ಗೊತ್ತಿರುತ್ತದೆ. ಬೇಸಿಗೆಯಲ್ಲಿ ನಿಂತಲ್ಲೇ ನಿಲ್ಲುವ ನೀರನ್ನು ಭಾವ ಕಂಡಿರಲೇ ಇಲ್ಲ.

ನಾನು ಒಮ್ಮೆ ಮಂಗಳೂರಿನ ಸಮ್ಮೇಳನಕ್ಕೆ ಹೋಗಿ ಒಂದು ಸಂಜೆ ಸಮುದ್ರ ನೋಡಿ ಬಂದವಳು. ಅದು ದಿನವೂ ಏರಿ ಇಳಿಯುತ್ತದೆ ಎಂದು ಪಾಠದಲ್ಲಿ ಓದಿದ್ದನ್ನು ಹೇಳಿದೆ.

“ಅದು ದಿನದ ಮಾತಾಯ್ತು ತಂಗೀ,” ಎಂದರು ಭಾವ ಸಮಾಧಾನದಿಂದ. “ನಾ ವರ್ಷದ ಮಾತು ಕೇಳ್ಲಾಕತ್ತೀನಿ.”

ಭಾಯಿ ಹೈದರಾಬಾದಿನ ದೊಡ್ಡ ಕೆರೆಯ ಸಾಕ್ಷಿ ಕೊಟ್ಟರು. “ಬೇಸಿಗ್ಯಾಗ ಅದರ ಮೆಟ್ಟಲಾ, ಪಾವಟಿಗಿ ಎಲ್ಲಾ ಬೈಲಾಗ್ತಾವ್ರಿ, ನಾನೇ ನೋಡೇನಿ. ಇಷ್ಟು ದೊಡ್ಡ ಸಮುದ್ರ ಅಂದ್ರ ಥೋಡೆ ಜಾಸ್ತೀನೇ ಸರೀಬೇಕು.”

“ಹಂಗಾದ್ರ ಅಲ್ಲಿ ಕಲ್ಲಂಗಡಿ ಹಾಕ್ತಾರ,” ಎಂದು ಭಾವ ತೀರ್ಪು ಕೊಟ್ಟರು. “ಅಷ್ಟು ನೆಲ ಯಾರೂ ಖಾಲಿ ಬಿಡಂಗಿಲ್ಲ.”

ವಾಕ್ಯವನ್ನು ಗಟ್ಟಿಯಾಗಿ ಓದಿದೆ. ಬೇಸಿಗೆಯಲ್ಲಿ ಸಮುದ್ರ ಹಿಂದೆ ಸರಿದಾಗ ಅದರ ಅಂಗಳದಲ್ಲಿ ಕಲ್ಲಂಗಡಿಯ ಬಳ್ಳಿಗಳು, ಮೇಯುವ ಎಮ್ಮೆಗಳು, ಕಳೆ ತೆಗೆಯುವ ಹೆಂಗಸರು ಕಾಣಬೇಕು. ಮೂರು ಕೈ, ಒಂದು ಮೊಣಕೈ. ಕಂಪ್ಯೂಟರ್ ಅಲ್ಲೇ ಇತ್ತು, ಹುಡುಕಬಹುದಿತ್ತು. ಎಲ್ಲರಿಗೂ ಗೊತ್ತಿರುವ ಸಂಗತಿಯನ್ನು ಯಾರು ಹುಡುಕುತ್ತಾರೆ?

ಅಕ್ಕನ ಹೆಸರಿನಲ್ಲಿ ಸಲಹೆ ಹಾಕಿದ ಮೊದಲ ಕೆಲವು ದಿನ ಒಂದೊಂದಾಗಿ ಮತಗಳು ಬಂದವು. ನಿತ್ಯ ಬೆಳಿಗ್ಗೆ ಅಕ್ಕ ಫೋನ್ ಮಾಡಿ ಎಷ್ಟಾದವೆಂದು ಹೇಳುತ್ತಿದ್ದಳು, ವಾರ್ಡಿನಲ್ಲಿ ಜ್ವರ ಇಳಿದವರ ಸುದ್ದಿ ಹೇಳುವಂಥ ದನಿಯಲ್ಲಿ. ಆಮೇಲೆ ಯಾರದೋ ಕಣ್ಣು ಆ ವಾಕ್ಯದ ಮೇಲೆ ಬಿತ್ತು. ಒಬ್ಬ ಒಂದು ಚಿತ್ರ ಮಾಡಿದ. ಒಣಗಿ ಬಿರುಕು ಬಿಟ್ಟ ಸಮುದ್ರದ ತಳ, ನಡುವೆ ಒಂದು ಎಮ್ಮೆ, ಹಡಗಿಗೆ ಒರಗಿದ ಕಲ್ಲಂಗಡಿಯ ರಾಶಿ. ಕೆಳಗೆ ಅಕ್ಕನ ಹೆಸರು. ಅದನ್ನು ನೂರಾರು ಕಡೆ ಹಂಚಿದರು. ನಗೆಯ ಮಧ್ಯೆ ಎಚ್ಚರಿಕೆಯ ಗುಂಡಿಯ ಕೋರಿಕೆಯನ್ನು ಯಾರೂ ಓದಲೇ ಇಲ್ಲ. ಕಂಪನಿಯ ಪರವಾಗಿ ಆ ಭಾಗವನ್ನು ನೋಡಿಕೊಳ್ಳುವವರು ಸಲಹೆ ವಾಸ್ತವಕ್ಕೆ ದೂರವಾಗಿದೆ ಎಂದು ಪುಟವನ್ನು ಮುಚ್ಚಿದರು. ಮುಚ್ಚಿದ ಮಾರ್ಗವನ್ನು ಅದೇ ವ್ಯಕ್ತಿ ಮತ್ತೆ ಸೂಚಿಸುವಂತಿಲ್ಲ ಎಂಬ ನಿಯಮವನ್ನೂ ತಿಳಿಸಿದರು. ಚಿತ್ರವನ್ನು ಮಾತ್ರ ವಿನೋದದ ವಿಭಾಗದ ಮೇಲ್ತುದಿಯಲ್ಲಿ, ಎಲ್ಲರಿಗೂ ಮೊದಲು ಕಾಣುವಂತೆ ಇಟ್ಟರು.

ಪುಟ ಮುಚ್ಚಿದ ವ್ಯಕ್ತಿಯ ಮೇಲೆ ನನಗೆ ಹಗೆಯಿಲ್ಲ. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಸಾವಿರ ಸಲಹೆಗಳನ್ನು ತಿರುವಿಹಾಕುವ ಯಾರೋ ದಣಿದ ಆಟಗಾರ ಇರಬಹುದು. ಒಂದು ತಪ್ಪು ವಾಕ್ಯವನ್ನು ತಿದ್ದಿ ಎಂದು ಕೇಳುವುದಕ್ಕಿಂತ ಇಡೀ ಪುಟವನ್ನು ಮುಚ್ಚುವುದು ಸುಲಭವಾಗಿರುವಂತೆ ನಿಯಮ ಮಾಡಿದವರು ಬೇರೆ. ನನ್ನ ತಕರಾರು ಅವರೊಂದಿಗೆ.

ಮುಂದಿನ ರವಿವಾರ ನಾನು ಹೋದಾಗ ಕಂಪ್ಯೂಟರಿನ ಮೇಲೆ ಕ್ರಿಸ್ಮಸ್‌ಗೆ ಹಾಸುವ ಮೇಜುಬಟ್ಟೆ ಹೊದಿಸಿತ್ತು.

“ಬರೇ ನಕ್ಕಾರ, ಹೊಡದಿಲ್ಲಲ್ಲ,” ಎಂದಳು ಅಕ್ಕ. “ಬಿಡು. ವಾರ್ಡಿನಾಗ ಇದಕ್ಕಿಂತ ಜಾಸ್ತಿ ಬೈಸ್ಕೊಂಡೀನಿ.”

“ಹಂಗಾದ್ರ ಬಟ್ಟಿ ಯಾಕ ಹೊದಿಸೀದಿ?”

“ಧೂಳು ಬೀಳ್ತದ.”

ಧೂಳು ಮೊದಲೂ ಬೀಳುತ್ತಿತ್ತು. ಭಾವ ಅಂಗಳದಲ್ಲಿ ನಿಂತು ತಲೆ ತಗ್ಗಿಸಿ ಹೇಳಿದರು: “ನನ್ನ ಕಲ್ಲಂಗಡಿ ಆಕಿ ತಲಿ ಮ್ಯಾಲ ಬಿತ್ತು ನೋಡ್ರಿ.” ಸಭೆಯ ವಾಕ್ಯ ಸಭೆಯದು, ಒಬ್ಬರದಲ್ಲ ಎಂದು ನಾನು ಹೇಳಿದೆ. ಅದು ಅವರಿಗೆ ಸಮಾಧಾನ ತರಲಿಲ್ಲ.

ಆಮೇಲಿನ ವಾರಗಳಲ್ಲಿ ಅಕ್ಕನ ಬಲಗೈಯ ಬೆರಳುಗಳು ಬಿಗಿಯುತ್ತ ಹೋದವು. ಚಹಾದ ಕಪ್ಪನ್ನು ಎರಡೂ ಅಂಗೈಗಳ ನಡುವೆ ಹಿಡಿಯತೊಡಗಿದಳು. ದಿನವೂ ಆಡುತ್ತಿದ್ದ ಕೈ ಆಡುವುದನ್ನು ಬಿಟ್ಟಿತ್ತು. ರಬ್ಬರ್ ಚೆಂಡನ್ನು ಹುಡುಕಿ ತಂದು ಎದುರಿಗಿಟ್ಟೆ. ಅದನ್ನು ನೋಡಿ ಅವಳು ಹೇಳಿದಳು: “ಇದು ಎಲ್ಲಿಗಿ ಹೋಗ್ತದ? ಎಲ್ಲಿಗೂ ಹೋಗಂಗಿಲ್ಲ.”

ಇಷ್ಟಾದ ಮೇಲೆ ಭಾಯಿಗೆ ಒಂದು ಸಂದೇಶ ಬಂತು. ಸಲಹೆಯಲ್ಲಿ ಸಂಪರ್ಕಕ್ಕೆಂದು ಕೊಟ್ಟಿದ್ದದ್ದು ಅವರ ಅಂಗಡಿಯ ಇ-ಮೇಲ್ ವಿಳಾಸ. ಬರೆದವರು ಕುಮಟಾ ಕಡೆಯ ಅಧ್ಯಾಪಕಿ, ತಾವೂ ಆ ಆಟ ಆಡುವವರು. ಚಿತ್ರ ನೋಡಿ ಮೊದಲು ನಕ್ಕಿದ್ದರಂತೆ, ಆಮೇಲೆ ಮುಚ್ಚಿದ ಪುಟದಲ್ಲಿ ಇನ್ನೂ ಓದಲು ಸಿಗುತ್ತಿದ್ದ ಮೂಲ ಸಲಹೆಯನ್ನು ಹುಡುಕಿ ಓದಿದರಂತೆ. ಆ ರವಿವಾರ ಭಾಯಿ ಅಂಗಡಿಗೆ ಅರ್ಧ ಬಾಗಿಲು ಹಾಕಿ ಅಕ್ಕನ ಮನೆಗೆ ಬಂದು, ಅವರಿಗೆ ಕರೆ ಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟರು. ನಾವು ನಾಲ್ವರೂ ಅದರ ಸುತ್ತ ಕೂತೆವು.

“ನೀವು ಬರೆದದ್ದು ಪೂರ್ತಿ ಸುಳ್ಳಲ್ಲ ಅಕ್ಕಾ,” ಎಂದಿತು ಆ ದನಿ. “ತಲೆಕೆಳಗಾಗಿದೆ, ಅಷ್ಟೆ. ನಮ್ಮಲ್ಲಿ ಹಳಿಯ ಪಕ್ಕದಲ್ಲೇ ಗಜನಿ ಭೂಮಿ ಉಂಟು. ನದಿ ಸಮುದ್ರಕ್ಕೆ ಸೇರೋ ಕಡೆ ಕಟ್ಟೆ ಹಾಕಿದ ಗದ್ದೆ. ಮಳೆಗಾಲದಲ್ಲಿ ಸಿಹಿನೀರು ಬಂದು ಉಪ್ಪು ತೊಳೀತದೆ, ಆವಾಗ ಉಪ್ಪು ತಡೆಯೋ ಕಗ್ಗದ ಭತ್ತ ಬೆಳೆಯೋದು. ಕೊಯ್ಲಾದ ಮೇಲೆ ತೂಬು ತೆಗೆದು ಉಪ್ಪುನೀರು ಒಳಗೆ ಬಿಡೋದು, ಸಿಗಡಿಗೆ, ಮೀನಿಗೆ.”

ಭಾವ ಫೋನಿನ ಹತ್ತಿರಕ್ಕೆ ಬಾಗಿದರು. “ಅಂದ್ರ ನೀವು ಮಳಿಗಾಲದಾಗ ಸಮುದ್ರ ಹೊರಗ ಹಾಕ್ತೀರಿ, ಬೇಸಿಗ್ಯಾಗ ಒಳಗ ಕರೀತೀರಿ?”

“ಹಾಗೇ ಅನ್ನಿ.”

“ಭಾರಿ ಧೈರ್ಯದ ಮಂದಿ ಬಿಡ್ರಿ. ಉಪ್ಪಿನಾಗ ಬೆಳಿಯೋ ಆ ಭತ್ತ ಒಂದು ಮುಷ್ಟಿ ಕಳಸ್ರಿ, ನೋಡಬೇಕು.”

“ಕಳಿಸ್ತೆ. ನೀವು ಕಲ್ಲಂಗಡಿ ಬೀಜ ಕಳಿಸಿ.”

ಅಕ್ಕ ಅಂಗೈಯಿಂದ ಫೋನನ್ನು ತನ್ನತ್ತ ಸರಿಸಿಕೊಂಡು ಕೇಳಿದಳು: “ಸಮುದ್ರ ಹ್ಯಾಂಗ ಕಾಣ್ತದ್ರಿ, ಗಾಡಿಯಿಂದ?”

“ನಿಮಗೆ ಬೇಜಾರಾಗ್ತದೇನೋ. ರೈಲಿನಿಂದ ಸಮುದ್ರ ಕಾಣೋದೇ ಕಡಿಮೆ. ಸುರಂಗ, ಗುಡ್ಡ, ಮತ್ತೆ ಸೇತುವೆ. ಗಂಗಾವಳಿ, ಅಘನಾಶಿನಿ ದಾಟ್ತೀರಿ. ಆದ್ರೆ ಗಜನಿಯಲ್ಲಿ ನಿಂತ ನೀರು ಸಮುದ್ರದ್ದೇ.”

“ನಡೀತದ್ರಿ,” ಎಂದಳು ಅಕ್ಕ. “ನೀರು ಅದರದ್ದೇ ಇದ್ರ ಸಾಕು.”

ಅವರು ರೈಲಿನ ಕಿಟಕಿಯಿಂದ ಚಿತ್ರೀಕರಿಸಿದ ವಿಡಿಯೋ ಒಂದನ್ನು ಕಳಿಸಿದರು. ಅದನ್ನು ದೊಡ್ಡದಾಗಿ ನೋಡಬೇಕೆಂದು ಅಕ್ಕನೇ ಕಂಪ್ಯೂಟರಿನ ಮೇಲಿನ ಮೇಜುಬಟ್ಟೆ ತೆಗೆದಳು. ಕಟ್ಟೆಗಳ ನಡುವೆ ಆಕಾಶದ ಬಣ್ಣದ ನೀರು, ಬಲೆ ಹಿಡಿದು ಸೊಂಟದವರೆಗೆ ಇಳಿದ ಹೆಂಗಸರು, ಗಾಡಿಯ ಸದ್ದಿಗೆ ಎದ್ದ ಬಿಳಿ ಹಕ್ಕಿಗಳು. ಹೆಂಗಸರಲ್ಲಿ ಒಬ್ಬಳು ತಲೆ ಎತ್ತಿ ರೈಲನ್ನು ನೋಡಿದಳು. “ನೋಡು, ಮಂದಿ ಅದಾರ,” ಎಂದಳು ಅಕ್ಕ. “ನಾವು ಬರ್ದಿದ್ದು ಅದೊಂದು ಬರೋಬರಿ ಅದ.”

ಆ ದಿನದಿಂದ ಅವಳು ಮತ್ತೆ ರೈಲು ಓಡಿಸುತ್ತಿದ್ದಾಳೆ. ಗುಂಡಿ ಬೇಗ ಸಿಗಲೆಂದು ಭಾಯಿ ಅಂಗೈಯಗಲದ ಒಂದು ಕಟ್ಟಿಗೆಯ ಒತ್ತುಹಲಗೆಯನ್ನು ಮಾಡಿ ಕೊಟ್ಟರು. ಬೆರಳು ಬೇಡ, ಅಂಗೈ ಇಟ್ಟರೆ ಸಾಕು. ಅದರಿಂದ ಅರ್ಧ ಅನುಕೂಲವಾಯಿತು. ಕೈ ಬಿಗಿದ ದಿನ ಬೀಪ್ ಕೇಳಿ ತೋಳನ್ನು ಸರಿಸುವಷ್ಟರಲ್ಲಿ ರೈಲು ಈಗಲೂ ನಿಲ್ಲುತ್ತದೆ. ಅವಳು ಬೈಯುವುದಿಲ್ಲ. ಬ್ರೇಕ್ ಬಿಡಿಸಿ ಮತ್ತೆ ಹೊರಡುತ್ತಾಳೆ. ಮೊನ್ನೆ ಹೋದಾಗ ಹಿಮದ ಬೆಟ್ಟವೊಂದರಲ್ಲಿ ಹೀಗೆ ನಿಂತ ರೈಲಿನೊಳಗೆ ಕುಳಿತು, ತನ್ನ ಬೆರಳುಗಳನ್ನು ಒಂದೊಂದಾಗಿ ಎಡಗೈಯಿಂದ ನೀವುತ್ತಿದ್ದಳು. “ಕಾರವಾರದ ಲೈನ್ ಬರೂತನಕ ಇವು ಇರ್ತಾವೋ ಇಲ್ಲೋ,” ಎಂದಳು. ನೋವು ತೋಡಿಕೊಳ್ಳುವ ದನಿ ಅದಾಗಿರಲಿಲ್ಲ. ಬಸ್ಸು ತಡವಾದಾಗ ನಾವು ಆಡುವಂಥ ಮಾತು.

ಸಲಹೆಯನ್ನು ನಾವು ತಿದ್ದಿದ್ದೇವೆ. ಈ ಬಾರಿ ಸಭೆಯಲ್ಲಿ ಐವರು, ಐದನೆಯವರು ಕುಮಟಾದಿಂದ ಫೋನಿನಲ್ಲೇ “ನನ್ನ ಕೈ ಎತ್ತಿದೆ, ಬರ್ಕೊಳ್ಳಿ” ಎಂದರು. ಅವರ ಹೆಸರಿನಲ್ಲಿ ಹೊಸದಾಗಿ ಸೂಚಿಸಿದರೆ ನಿಯಮ ಅಡ್ಡ ಬರುವುದಿಲ್ಲ ಎಂದು ಭಾಯಿ ಹೇಳಿದರು. ಅಕ್ಕ ಮೊಣಕೈ ಎತ್ತಲಿಲ್ಲ. “ನಕ್ಕಿದ್ದು ನನ್ನ ಹೆಸರಿನ ಮ್ಯಾಲ. ಬರೋದಿದ್ರ ನನ್ನ ಹೆಸರಿನ ಮ್ಯಾಲೇ ಬರಲಿ.” ಹೆಸರು ಬದಲಿಸುವ ಆ ವಾಕ್ಯ ನಿಲ್ಲಲಿಲ್ಲ.

ಆದ್ದರಿಂದ, ಆ ಆಟದ ಮಾರ್ಗ ವಿಭಾಗದ ಹೊಣೆ ಹೊತ್ತವರೇ, ಇದು ನಿಮ್ಮ ಮುಂದೆ ನಮ್ಮ ಬೇಡಿಕೆ. ಭಾಲ್ಕಿಯ ನರ್ಸ್ ಒಬ್ಬರ ಹೆಸರಿನಲ್ಲಿರುವ, ಕಾರವಾರದಿಂದ ಹೊನ್ನಾವರದವರೆಗಿನ ಮಾರ್ಗದ ಪುಟವನ್ನು ಅದೇ ಹೆಸರಿನಲ್ಲಿ ಮತ್ತೆ ತೆರೆಯಿರಿ, ತಿದ್ದಿದ ಸಲಹೆಯನ್ನು ಮತಕ್ಕೆ ಹಾಕಿರಿ. ಎಮ್ಮೆಯ ಚಿತ್ರದ ಕೆಳಗಿನ ಆ ಹೆಸರನ್ನು ಅಳಿಸಿರಿ. ಮಾರ್ಗಕ್ಕೆ ಮತಗಳು ಸಾಲದೆ ಹೋದರೆ ಅದನ್ನು ನಾವು ಒಪ್ಪಿಕೊಳ್ಳುತ್ತೇವೆ. ಆದರೆ ಎಚ್ಚರಿಕೆಯ ಗುಂಡಿ ಯಾವ ಮತಕ್ಕೂ ಕಾಯುವ ವಿಷಯವಲ್ಲ. ಅದನ್ನು ಒತ್ತುವ ಅವಧಿಯನ್ನು ಓಡಿಸುವವರೇ ನಿಗದಿಪಡಿಸಿಕೊಳ್ಳುವ ಅವಕಾಶವನ್ನು ನಿಮ್ಮ ಎಲ್ಲ ಮಾರ್ಗಗಳಲ್ಲೂ, ನಿಮ್ಮ ಮುಂದಿನ ಪರಿಷ್ಕರಣೆಯಲ್ಲೇ, ನನ್ನ ಅಕ್ಕನ ಅಂಗೈ ಆ ಹಲಗೆಯವರೆಗೆ ತಲುಪುತ್ತಿರುವಾಗಲೇ ಕೊಡಿರಿ.